ಮಡಿಕೆಯ ಜೊತೆ ಅಳಿಸಿದ್ದು

ಮಾರ್ಚ್ 9, ಭಾನುವಾರ

1786ರ ಹೆರೆಫರ್ಡ್‌ಷೈರ್ ನಕ್ಷೆಯ ಮರುಮುದ್ರಣಕ್ಕೆ ತಗುಲಿದ ಖರ್ಚು: ಮೂರು ವಾರ, ಒಂದು ಕನ್ನಡಕ, ಕುತ್ತಿಗೆಯ ಎಡಭಾಗ. ಮೂಲಪ್ರತಿ ಕೌಂಟಿ ದಫ್ತರಖಾನೆಯಲ್ಲಿ, ಸ್ಕ್ಯಾನ್ ನನ್ನ ಕಂಪ್ಯೂಟರಿನಲ್ಲಿ. ಕಲೆ, ಕಾಗದ ಮಡಚಿದ ಮಡಿಕೆಗೆರೆ, ನೊಣದ ಹಿಕ್ಕೆ — ಎಲ್ಲ ಅಳಿಸಿದ್ದೆ. ಗೋಡೆಗೆ ತೂಗುಹಾಕುವವರಿಗೆ ಹಳೆಯದು ಬೇಕು, ಕೊಳೆ ಬೇಡ. ಚೆನ್ನಾಗಿ ಹೋಗುತ್ತಿದೆ.

ಸಂಜೆ ಕ್ಲೈವ್ ಗಿಟಿನ್ಸ್‌ನ ತೋಟದಮನೆಯಲ್ಲಿ ಡಾಮಿನೋ ಆಟ. ಹೆಂಡತಿ ಜೋನ್ ಸತ್ತ ಮೇಲೆ ನನ್ನನ್ನು ಊಟಕ್ಕೆ ಕರೆಯುವವನು ಅವನೊಬ್ಬನೇ. ಇಂದು ಕುರಿಮಾಂಸ. ಸೋತೆ.

ಮಾರ್ಚ್ 14, ಶುಕ್ರವಾರ

ಸಂತೆ. ಮೇವಿಸ್ ಪ್ರೀಸ್ ಬಂದು ನಕ್ಷೆಯನ್ನು ನನ್ನ ಅಂಗಡಿಯ ಮೇಜಿನ ಮೇಲೆ ಕುಕ್ಕಿದಳು. ಎಂಬತ್ತೊಂದು ವರ್ಷ, ಕೈಯಲ್ಲಿ ಊರುಗೋಲು.

"ಚಾಪೆಲ್‌ಗೆ ಹೋಗೋ ಕಾಲುದಾರಿ ಎಲ್ಲಯ್ಯಾ? ಕ್ಲೈವ್ ತನ್ನ ಹೊಲದ ದಾರಿಗೆ ಮುಳ್ಳುತಂತಿ ಹಾಕ್ಬಿಟ್ಟ. ಊರ ಸಭೇಲಿ ನಿನ್ನ ನಕ್ಷೆ ಹಿಡ್ಕೊಂಡು ನಿಂತೆ, ನಗೆಪಾಟಲಾದೆ."

"ನಕ್ಷೇಲಿ ಇಲ್ಲದ್ದು ನಾನೆಲ್ಲಿಂದ ತರ್ಲಿ, ಮೇವಿಸಮ್ಮಾ?"

"ನನ್ನ ಗಂಡ ಅಲ್ಲಿ ಸಮಾಧೀಲಿ ಮಲಗಿದಾನೆ. ರಸ್ತೇಲಿ ಸುತ್ತಿ ಹೋದ್ರೆ ನಾಲ್ಕು ಮೈಲಿ. ನಾನೂ ಅಲ್ಲೇ ಮಲಗಿದ್ಮೇಲೆ ನೋಡ್ಕೊಂಡ್ರಾಯ್ತು ಅಂತೀಯಾ?"

ಇಲ್ಲಿ ಹಳೆಯ ನಕ್ಷೆಯಲ್ಲಿ ದಾರಿ ಕಂಡರೆ ಅದು ಊರವರ ಓಡಾಟದ ಹಕ್ಕಿಗೆ ಸಾಕ್ಷಿ. ಕಾಣದಿದ್ದರೆ… ಅದೂ ಒಂಥರಾ ಸಾಕ್ಷಿಯೇ.

ಮಾರ್ಚ್ 16, ಭಾನುವಾರ

ಕ್ಲೈವ್ ಬೆನ್ನು ತಟ್ಟಿದ. "ನಿನ್ನ ನಕ್ಷೆ ಚಿನ್ನ ಕಣೋ ಲೆನ್! ಮುದುಕಿ ಬಾಯಿ ಮುಚ್ಚಿಸ್ಬಿಡ್ತು. ಇನ್ನೊಂದು ಆಲೂಗಡ್ಡೆ ಹಾಕ್ಕೋ."

ಹಾಕಿಕೊಂಡೆ. ಅರ್ಧ ತಟ್ಟೆಯಲ್ಲೇ ಬಿಟ್ಟು ಎದ್ದೆ. ಮನೆಗೆ ಬಂದು, ತಿದ್ದುವ ಮೊದಲಿನ ಸ್ಕ್ಯಾನ್ ತೆರೆದೆ. ಕ್ಲೈವ್‌ನ ಹೊಲದ ಮೇಲೆ ಮಡಿಕೆಯ ಗೆರೆ. ಅದರ ಗುಂಟ, ಇರುವೆಸಾಲಿನಂತೆ, ಎರಡು ಚುಕ್ಕಿಸಾಲು — ಚಾಪೆಲ್ ಬಾಗಿಲವರೆಗೆ. ಮಡಿಕೆಯ ಜೊತೆ ದಾರಿಯನ್ನೂ ಅಳಿಸಿದವನು ನಾನೇ.

ಏಪ್ರಿಲ್ 8, ಮಂಗಳವಾರ

ಮೂರು ಭಾನುವಾರ ಹೊಟ್ಟೆನೋವೆಂದು ಸುಳ್ಳು ಹೇಳಿ ಕ್ಲೈವ್ ಮನೆಯ ಊಟ ತಪ್ಪಿಸಿದೆ. ಇಂದು ಊರ ಸಭೆಯಲ್ಲಿ ಎದ್ದು ನಿಂತು ಎರಡೂ ಪ್ರತಿ ಹರಡಿದೆ. ತಪ್ಪು ನನ್ನದೆಂದೆ.

ಕ್ಲೈವ್ ಕೂಗಾಡಲಿಲ್ಲ. ಟೋಪಿ ಎತ್ತಿಕೊಂಡ.

"ನನ್ನತ್ರ ಮೊದ್ಲು ಬಂದು ಹೇಳ್ಬಹುದಿತ್ತಲ್ಲೋ."

ಹೇಳಬಹುದಿತ್ತು. ಹೇಳಿದ್ದರೆ ಅವನು ಬೇಡ ಅನ್ನುತ್ತಿದ್ದ. ನಾನು ಹೂಂ ಅನ್ನುತ್ತಿದ್ದೆ. ಅದಕ್ಕೇ ಹೋಗಲಿಲ್ಲ.

ಮೇ 4, ಭಾನುವಾರ

ತಂತಿ ಹೋಯಿತು. ಕೌಂಟಿಯವರು ಬರುವ ಮೊದಲೇ ಕ್ಲೈವ್ ತೆಗೆದನಂತೆ.

ಮೇವಿಸ್‌ಗೆ: ದಾರಿ. ಇವತ್ತು ಹೂ ಹಿಡಿದು ಹೋದದ್ದು ಕಂಡೆ, ಗಂಡನ ಬಳಿಗೆ.
ಕ್ಲೈವ್‌ಗೆ: ತಂತಿಯ ಜಾಗದಲ್ಲಿ ಹೊಸ ಮರದ ಗೇಟು, ಊರಲ್ಲಿ ಒಳ್ಳೆಯ ಹೆಸರು.
ಗಿರಾಕಿಗಳಿಗೆ: ಮಡಿಕೆ, ಕೊಳೆ ಸಮೇತ ಹೊಸ ಪ್ರತಿ.
ನನಗೆ: ಊಟದ ಕರೆಯಿಲ್ಲದ ಇಡೀ ಭಾನುವಾರ. ಡಾಮಿನೋ ಪೆಟ್ಟಿಗೆ ಕ್ಲೈವ್ ಮನೆಯಲ್ಲೇ ಉಳಿಯಿತು. ಹೊಸದು ಕೊಳ್ಳಬಹುದು. ಆದರೆ ಆಟಕ್ಕೆ ಇಬ್ಬರು ಬೇಕು.