ಮೂರು ಚುಕ್ಕಿ

ಮಾರ್ಚ್ 4, ಸಂಜೆ

ಇವತ್ತು ಐದೇ ಕತ್ತರಿ. ದಿನಕ್ಕೆ ಆರು ಆಗಬೇಕು. ಆರನೆಯದರ ಅಲಗು ಸೊಟ್ಟಗಾಯಿತು. ಬೆಂಕಿಯಣ್ಣ ಕುಲುಮೆಯಲ್ಲಿ ಹದ ಮೀರಿ ಕಾಯಿಸಿದ. ಕೇಳಿದರೆ ಇದ್ದಿಲು ಸರಿಯಿಲ್ಲ ಎಂದ. ಇಪ್ಪತ್ತು ವರ್ಷದಿಂದ ಇವನ ಇದ್ದಿಲು ಸರಿಯಿಲ್ಲ! ಐದರಲ್ಲೂ ಒದ್ದೆ ಬಟ್ಟೆ ಕತ್ತರಿಸಿ ನೋಡಿ, ತಿರುಪಿನ ಕೆಳಗೆ ಚುಕ್ಕಿ ಹೊಡೆದೆ. ಇರುವ ಇಬ್ಬರು ಮೇಸ್ತ್ರಿಗಳಲ್ಲಿ ಅವನದು ಎರಡು ಚುಕ್ಕಿ, ನನ್ನದು ಮೂರು. ಮಾಲು ವಾಪಸ್ ಬಂದರೆ ಬೈಸಿಕೊಳ್ಳುವವನು ಯಾರೆಂದು ತಿಳಿಯಬೇಕಲ್ಲ.

ಯಜಮಾನರು ಖುಷಿಯಲ್ಲಿದ್ದರು. ಪಕ್ಕದ ದೇಶದ ಜೊತೆ ವ್ಯಾಪಾರದ ಒಪ್ಪಂದ ಆಯಿತಂತೆ. ಇಲ್ಲಿ ತಯಾರಾದ ಮಾಲಿಗೆ ಇನ್ನು ಅಲ್ಲಿ ಸುಂಕವಿಲ್ಲ. "ಇನ್ಮೇಲೆ ಕೈ ತುಂಬಾ ಕೆಲ್ಸ ನೋಡ್ರಪ್ಪಾ" ಎಂದರು. ಮನೆಗೆ ಬಂದು ಹೆಂಡತಿಗೂ ಹೇಳಿದೆ, ಪೆದ್ದನ ಹಾಗೆ.

ಏಪ್ರಿಲ್ 19

ಆರ್ಡರ್ ಬಂತು. ದಿನಕ್ಕೆ ಆರುನೂರು. ಜೊತೆಗೇ ಲಾರಿಯೂ ಬಂತು — ರಟ್ಟಿನ ಪೆಟ್ಟಿಗೆಗಳು, ಒಳಗೆ ಸಿದ್ಧ ಕತ್ತರಿಗಳು. ಇನ್ಯಾವುದೋ ದೇಶದವು, ಮೆಷಿನ್ನಿನವು. ಆ ದೇಶಕ್ಕೆ ಈ ಒಪ್ಪಂದವಿಲ್ಲ, ನೇರ ಕಳಿಸಿದರೆ ಸುಂಕ. ನಾವು ತಿರುಪು ಬಿಚ್ಚಬೇಕು, ಒಂದು ತೊಟ್ಟು ಎಣ್ಣೆ ಬಿಡಬೇಕು, ಮತ್ತೆ ಬಿಗಿಯಬೇಕು, ಚುಕ್ಕಿ ಹೊಡೆಯಬೇಕು. ಅಷ್ಟಾದರೆ ಅದು ನಮ್ಮದಂತೆ.

"ಚುಕ್ಕಿ ಯಾಕೆ ಸಾರ್?"

"ಮೇಸ್ತ್ರಿ ಗುರುತು ಇದ್ರೇನೇ ಇಲ್ಲೇ ಮಾಡಿದ್ದು ಅಂತ ನಂಬೋದು. ಸುಮ್ನೆ ಹೊಡೀರಿ."

ಕುಲುಮೆ ಆರಿಸಿದರು. ಬೆಂಕಿಯಣ್ಣ ಬೂದಿಯ ಪಕ್ಕ ಕೂತು ಸ್ಕ್ರೂಡ್ರೈವರ್ ತಿರುಗಿಸುತ್ತಾನೆ. ಇನ್ನು ಹೆಸರೊಂದೇ ಬೆಂಕಿ.

ಏಪ್ರಿಲ್ 27, ಊಟದ ಬಿಡುವು

ಬಿಚ್ಚು, ಬಿಗಿ. ಬಿಚ್ಚು, ಬಿಗಿ. ಬೆರಳು ಮರಗಟ್ಟಿವೆ. ಇದಕ್ಕೆ ನಾನೇ ಯಾಕೆ ಬೇಕು?

ಮೇ 11

ಇವಳಿಗೆ ಹೊಲಿಗೆ ಕೆಲಸ. ಹೊಸ ಕತ್ತರಿ ಒಂದು ತನ್ನಿ ಎಂದು ಪೀಡಿಸುತ್ತಿದ್ದಳು, ಪೆಟ್ಟಿಗೆಯದೊಂದು ತಂದುಕೊಟ್ಟೆ. ಒಂದು ಲಂಗದ ಬಟ್ಟೆ ಸರಕ್ಕನೆ ಕತ್ತರಿಸಿದಳು.

"ಹಗುರ ಇದೆ ಕಣ್ರೀ. ನಿಮ್ದು ಹಿಡಿದ್ರೆ ಸಂಜೆ ಹೊತ್ತಿಗೆ ಮಣಿಕಟ್ಟು ಹೋಗುತ್ತೆ."

ನಿಮ್ದು ಅಂದರೆ ಮದುವೆಯ ಹೊಸತರಲ್ಲಿ ನಾನು ಮಾಡಿಕೊಟ್ಟದ್ದು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ." ಆಮೇಲೆ ತಿರುಗಿಸಿ ನೋಡಿದಳು. "ಅಯ್ಯೋ, ಇದ್ರಲ್ಲೂ ನಿಮ್ಮ ಚುಕ್ಕಿ ಇದ್ಯಲ್ರೀ! ಇದೂ ನೀವೇ ಮಾಡಿದ್ದಾ?"

ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ. ಹಾಳಾದ್ದು ಚೆನ್ನಾಗಿಯೇ ಕತ್ತರಿಸುತ್ತದೆ, ಬೆಲೆಯೂ ಅರ್ಧ. ಅದೇ ಹೊಟ್ಟೆ ಉರಿಸುವುದು. ಕೆಟ್ಟದಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಜೂನ್ 3

ಸುಂಕದ ಅಧಿಕಾರಿ ಬರುತ್ತಾರೆಂದು ಬೆಳಿಗ್ಗೆಯೇ ಕುಲುಮೆ ಹಚ್ಚಿಸಿದರು. ಒಂದೇ ಒಂದು ಕತ್ತರಿ ಮಾಡಿ ತೋರಿಸಬೇಕಿತ್ತು.

ಬರೆಯಲು ನಾಚಿಕೆ... ಖುಷಿಯಾಯಿತು. ಸುತ್ತಿಗೆ ಕೈಗೆ ಬಂದದ್ದೇ ತಡ, ಅಧಿಕಾರಿ ನಿಂತಿದ್ದಾರೆಂಬುದನ್ನೂ ಮರೆತೆ. ಇತ್ತೀಚೆಗೆ ಅಷ್ಟು ಚಂದದ ಅಲಗಿನ ಜೋಡಿ ಮಾಡಿರಲಿಲ್ಲ. ಒದ್ದೆ ಬಟ್ಟೆಯನ್ನು ಅಲಗಿನ ತುದಿಯಲ್ಲೇ ಕತ್ತರಿಸಿತು, ಒಂದು ಎಳೆಯೂ ಸಿಕ್ಕಿಕೊಳ್ಳಲಿಲ್ಲ.

"ಏನ್ ಕೈ ರೀ ನಿಮ್ದು!" ಎಂದರು ಅಧಿಕಾರಿ. ಪೆಟ್ಟಿಗೆಯಿಂದ ಒಂದು ತೆಗೆದರು. ಅದರಲ್ಲೂ ಮೂರು ಚುಕ್ಕಿ, ಇದರಲ್ಲೂ ಮೂರು ಚುಕ್ಕಿ. ಸಹಿ ಹಾಕಿದರು. ದಿನಕ್ಕೆ ಎಷ್ಟು ಮಾಡುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಗುಟ್ಟು ಬಯಲಾಗಲು ಆ ಒಂದು ಪ್ರಶ್ನೆ ಸಾಕಿತ್ತು.

ನನ್ನ ಒಳ್ಳೆಯ ಕೆಲಸವೇ ಯಜಮಾನರ ಸುಳ್ಳಿಗೆ ಸಾಕ್ಷಿ ಹೇಳಿತು. ಅವರು ಬೆನ್ನು ತಟ್ಟಿದರು. ಅಧಿಕಾರಿಯ ಕಾರು ತಿರುವು ದಾಟುವ ಮೊದಲೇ ಕುಲುಮೆಗೆ ನೀರು ಸುರಿದರು.

ಜುಲೈ 8

ನಲವತ್ತು ಕತ್ತರಿ ವಾಪಸ್. ತುದಿ ಕೂಡುವುದಿಲ್ಲವಂತೆ. ಎಲ್ಲದರಲ್ಲೂ ಮೂರು ಚುಕ್ಕಿ. ಇಷ್ಟು ವರ್ಷದಲ್ಲಿ ನನ್ನವು ವಾಪಸ್ ಬಂದದ್ದು ಎರಡೇ ಎರಡು. "ತಲೆ ಕೆಡಿಸ್ಕೋಬೇಡಿ, ನಿಮ್ಮನ್ನ ಯಾರು ಬೈತಾರೆ?" ಎಂದರು ಯಜಮಾನರು. ಬೈದಿದ್ದರೇ ವಾಸಿಯಿತ್ತು.

ಜುಲೈ 21

ನಾಳೆ ಪಕ್ಕದ ದೇಶದಿಂದಲೇ ಹಿರಿಯ ಅಧಿಕಾರಿ ಬರುತ್ತಿದ್ದಾರೆ. "ಹೋದ್ಸಲದ ಹಾಗೇ ಒಂದು ಮಾಡಿ ತೋರ್ಸಿ. ಮಾತು ನಾನಾಡ್ತೀನಿ" ಎಂದಿದ್ದಾರೆ ಯಜಮಾನರು.

ಇವಳಿಗೆ ಎಲ್ಲವನ್ನೂ ಹೇಳಿದೆ, ನಾಳೆ ಆ ಅಧಿಕಾರಿಗೆ ನಿಜ ಹೇಳಬೇಕೆಂದಿರುವುದನ್ನೂ. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ಬಾಯಿ ಬಿಟ್ರೆ ಕಾರ್ಖಾನೆ ಮುಚ್ಚುತ್ತೆ. ಬೆಂಕಿಯಣ್ಣನೂ ಬೀದಿಗೆ ಬರ್ತಾರೆ. ಈ ವಯಸ್ಸಲ್ಲಿ ನಿಮಗೆ ಇನ್ಯಾರು ಕೆಲ್ಸ ಕೊಡ್ತಾರೆ?"

ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಅದಕ್ಕೇ ರೇಗಿದೆ. ಆದರೆ ಊಟವಾದ ಮೇಲೆ ನೋಡಿದರೆ, ಹೊಸ ಕತ್ತರಿ ಬದಿಗಿಟ್ಟು ಹಳೆಯದರಲ್ಲಿ ರವಿಕೆಯ ತೋಳು ಕತ್ತರಿಸುತ್ತಿದ್ದಳು. ಮಣಿಕಟ್ಟು ನೋವಲ್ವಾ ಎಂದೆ. ಇನ್ನೊಂದು ತೋಳಿಗೂ ಅದನ್ನೇ ಎತ್ತಿಕೊಂಡಳು.

ಜುಲೈ 22, ಬೆಳಿಗ್ಗೆ 9.40, ಕಾರ್ಖಾನೆ

ಬೆಂಕಿಯಣ್ಣ ತಿದಿ ಒತ್ತುತ್ತಿದ್ದಾನೆ. ಇದ್ದಿಲು ಸರಿಯಿಲ್ಲವಂತೆ. ಅವನಿಗೂ ಹೇಳಿಬಿಟ್ಟೆ. ತಲೆ ಎತ್ತದೆ, "ನನ್ನ ಎರಡು ಚುಕ್ಕೀನೂ ಸೇರಿಸ್ಕೊಂಡು ಹೇಳು" ಎಂದ.

ಕಾರು ನಿಂತ ಸದ್ದು. ದಿನಕ್ಕೆ ಎಷ್ಟು ಎಂದು ಆ ಮನುಷ್ಯ ಕೇಳಿದರೆ ಆರು ಎನ್ನುತ್ತೇನೆ. ಕೇಳದಿದ್ದರೆ, ಚುಕ್ಕಿ ಹೊಡೆಯುವ ಮೊದಲು ನಾನೇ —