ಚಂದ್ರನ ಓಣಿಗೆ ಒಂದೇ ಉಡುಗೊರೆ

ಜೋಕಾಲಿ ಓಣಿ, ಮೇಲ್‌ಹುಬ್ಬಳ್ಳಿ, ಚಂದ್ರ.
ಕ್ರಿ.ಶ. ೨೪೧೯, ಭೂಹುಣ್ಣಿಮೆಯ ಮುನ್ನಾದಿನ.

ನಾಲ್ಕು ಶತಮಾನ ಹಿಂದಿರುವ ಪೂಜ್ಯ ಪೂರ್ವಜರಿಗೆ ಮುಂದಿನಿಂದ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನನ್ನ ಕೆಲವು ಪದಗಳು ನಿಮ್ಮ ನಿಘಂಟಿನಲ್ಲಿ ಸಿಗಲಾರವು. ಕ್ಷಮಿಸಿ, ಅವು ಇನ್ನೂ ಹುಟ್ಟಿಲ್ಲ. ನಾವು ತಿಂಗಳ ಮೇಲಿನ ನಿವಾಸಿಗಳು. ಹೊರಗೆ ಒಂದು ಹಗಲು, ಒಂದು ರಾತ್ರಿ ಮುಗಿಯಲು ತಿಂಗಳೇ ಬೇಕು. ತಿಂಗಳೆಂಬ ಹೆಸರಿಗೆ ಚಂದ್ರ ಇಷ್ಟು ನಿಷ್ಠನೆಂದು ಇಲ್ಲಿ ಬದುಕಿದ ಮೇಲೇ ತಿಳಿಯುವುದು. ಆದ್ದರಿಂದ ನಮ್ಮ ಬದುಕೆಲ್ಲ ಗಡಿಯಾರದ ಮೇಲೆ. ದೀಪಾವಳಿಯ ಅಮಾವಾಸ್ಯೆ ನಿಮಗೆ ಕತ್ತಲು. ನಮಗೋ, ಅಂದು ಭೂಮಿಯೇ ಕಿಟಕಿಯಲ್ಲಿ ದುಂಡಗೆ ತುಂಬಿಕೊಳ್ಳುತ್ತದೆ. ಅದೇ ಭೂಹುಣ್ಣಿಮೆ, ಮಕ್ಕಳಿಗೆ ಉಡುಗೊರೆ ಕೊಡುವ ಹಬ್ಬ.

ಇಲ್ಲಿ ಹೊಸದಾಗಿ ಏನೂ ಹುಟ್ಟುವುದಿಲ್ಲ, ಮಕ್ಕಳನ್ನು ಬಿಟ್ಟು. ಭೂಮಿಯಿಂದ ಸಾಮಾನು ಬರುವುದು ನಿಂತು ಬಹಳ ಕಾಲವಾಯಿತು. ಏನು ಬೇಕಿದ್ದರೂ ಇದ್ದದ್ದನ್ನು ಕರಗುಮನೆಗೆ ಕೊಡಬೇಕು. ಕರಗುಮನೆಯೆಂದರೆ ಓಣಿಗೊಂದಿರುವ ಕುಲುಮೆ. ಮಗುವಿಗೆ ಗೊಂಬೆ ಬೇಕೆಂದರೆ ಅಡುಗೆಮನೆಯ ಕೊಡ ಹೋಗಬೇಕು. ಹಾಗೆ ಕೊಡವೆಲ್ಲ ಕೊಡುಗೆಯಾಗುತ್ತದೆ. ಯಾವ ಮನೆಗೂ ಹೆಚ್ಚು-ಕಡಿಮೆ ಆಗದಿರಲೆಂದು ಮಗುವಿಗೆ ಎಷ್ಟು ಉಡುಗೊರೆ ಎಂಬುದನ್ನು ಇಡೀ ಓಣಿ ಕೂತು ತೀರ್ಮಾನಿಸುತ್ತದೆ. ಮಕ್ಕಳು ವಸ್ತುವಿನ ಬೆಲೆ ಅರಿಯಲೆಂದು ಹಿರಿಯರು ಇನ್ನೊಂದು ನಿಯಮ ಮಾಡಿಟ್ಟಿದ್ದಾರೆ. ಅದರ ಹೆಸರು ಕರಗುಸಾಕ್ಷಿ. ಯಾವ ಪಾತ್ರೆ ಕರಗಿತು, ಅದು ಏನಾಯಿತು ಎಂಬುದನ್ನು ಆಯಾ ಮಗು ಕುಲುಮೆಯ ಎದುರು ನಿಂತು ನೋಡಲೇಬೇಕು.

ಹೋದ ವರ್ಷ ಐದು ಕೊಟ್ಟೆವು. ಉಡುಗೊರೆ ಹೊರೆಯಾಯಿತು. ಮಕ್ಕಳ ಕೋಣೆ ತುಂಬಿ, ಅಡುಗೆಮನೆ ಬರಿದಾಗಿ, ಇಡೀ ಓಣಿ ಒಂದೇ ಬೋಗುಣಿಯಲ್ಲಿ ಸರದಿಯ ಮೇಲೆ ಅನ್ನ ಬೇಯಿಸಿಕೊಂಡಿತು.

ಈ ವರ್ಷ ಓಣಿಯ ಯಜಮಾನಿಕೆ ನನ್ನ ಪಾಲಿಗೆ ಬಂದಿತ್ತು. ಸಭೆಯಲ್ಲಿ ಮೂರು ಸಾಕೆಂದು ಹೇಳಿ ಮುಗಿಸಿರಲಿಲ್ಲ. ಅಷ್ಟರಲ್ಲಿ ಎದುರುಮನೆಯ ಫಕ್ಕೀರಣ್ಣ ಎದ್ದ.

"ಮೂರಾ? ಮಂದಿ ನಕ್ಕಾರ್ರೀ! ಹಿಂದಿನ ಓಣಿಯವರು ಆರು ಕೊಡಾಕತ್ತಾರ."

"ಹಂಗಾರ ನಾವು ಏಳು ಕೊಡೋಣ," ಎಂದಿತು ಹಿಂದಿನಿಂದ ಒಂದು ದನಿ.

"ಏಳಕ್ಕ ಲೋಹ ಎಲ್ಲೈತೋ ನಮ್ಮಪ್ಪ?" ಎಂದು ಓಣಿಗೆಲ್ಲ ಹಿರಿಯಳಾದ ಗುರುಸಿದ್ದವ್ವಜ್ಜಿ ಕೇಳಿದಳು.

ಫಕ್ಕೀರಣ್ಣ ತುಸು ಅಳುಕುತ್ತಲೇ ಓಣಿಯ ನಡುವೆ ಬೆರಳು ತೋರಿಸಿದ. ಅಲ್ಲಿ ನಮ್ಮ ಜೋಕಾಲಿ ನಿಂತಿತ್ತು. ಇಲ್ಲಿ ಮನುಷ್ಯನ ತೂಕ ನಿಮ್ಮಲ್ಲಿಯ ಆರನೇ ಒಂದು ಪಾಲು. ಮಗುವೊಂದು ತಳ್ಳಿದರೂ ಅಜ್ಜಿ ಚಾವಣಿಗೆ ಕಾಲಿನ ಹೆಬ್ಬೆರಳು ತಾಗಿಸಿ ಬರುತ್ತಾಳೆ. ಓಣಿಗೆ ಹೆಸರು ಕೊಟ್ಟದ್ದೂ ಅದೇ.

"ಜೋಕಾಲಿ ಮುಟ್ಟಿದ್ರ ನಿನ್ನ ಕರಗಿಸ್ತೀನಿ, ಫಕ್ಕೀರ್ಯಾ," ಎಂದಳು ಅಜ್ಜಿ. "ನಿನ್ನ ಮೈಯಾಗ ಹಿತ್ತಾಳಿ ಭಾಳ ಐತಿ."

ಸಭೆ ನಕ್ಕಿತು, ಆದರೆ ಏಳು ಇಳಿಯಲಿಲ್ಲ. ಜಿಪುಣ ಅನ್ನಿಸಿಕೊಳ್ಳಲು ಯಾರಿಗೂ ಧೈರ್ಯವಿರಲಿಲ್ಲ. ಯಜಮಾನನಾದ ನನಗಂತೂ ಮೊದಲೇ ಇರಲಿಲ್ಲ. ಜೋಕಾಲಿ ಇನ್ನೇನು ಹೋಯಿತು ಅನ್ನುವಾಗ ನನ್ನ ಮಗಳು ಇಬ್ಬನಿ ಬಾಗಿಲ ಸಂದಿನಿಂದ ಚೀರಿದಳು:

"ಅಪ್ಪಾ, ಏಳು ಬ್ಯಾಡ! ಒಂದs ಕೊಡ್ರಿ. ಖರೆ ಅದು ಏನಂತ ನಮಗ ಗೊತ್ತಿರಬಾರದು!"

"ಗೊತ್ತಿಲ್ದಂಗ ಹೆಂಗ ಕೊಡೂದವ್ವಾ?" ಅಜ್ಜಿ ಕಣ್ಣರಳಿಸಿದಳು.

"ಮುಚ್ಚಿ ಕೊಡ್ರಿ! ಕುಲುಮಿ ಮುಂದ ನಿಂತು ಎಲ್ಲಾ ನೋಡೇ ಬಿಟ್ಟಿರ್ತೀವಿ. ಹಬ್ಬದ ದಿನ ನೋಡಾಕ ಏನ್ ಉಳೀತದ?"

ಪೂರ್ವಜರೇ, ಮಗು ಹೇಳಿದ್ದು ನಿಜ. ನಾವೂ ಅದೇ ಕುಲುಮೆಯ ಮುಂದೆ ನಿಂತು ಬೆಳೆದವರು. ಚಂದ್ರನಲ್ಲಿ ಇದುವರೆಗೆ ಒಂದೇ ಒಂದು ಮಗುವೂ 'ಒಳಗೆ ಏನಿರಬಹುದು?' ಎಂದು ತಿಣುಕಿದ್ದಿಲ್ಲ! ಆ ಕೊರತೆಯನ್ನು ನಾವು ಸಂಖ್ಯೆಯಿಂದ ತುಂಬಿಸುತ್ತ ಬಂದಿದ್ದೆವು. ಫಕ್ಕೀರಣ್ಣನೇ ಮೊದಲು ಕೈಯೆತ್ತಿದ: "ಒಂದು! ಮುಚ್ಚಿದ್ದು!" ಅವನ ಮಗ ಮಾತ್ರ "ಮುಚ್ಚಿದ್ದು ಎರಡು ಕೊಟ್ರ ಆಗೂದಿಲ್ಲೇನು?" ಎಂದು ಚೌಕಾಸಿಗಿಳಿದು, ಅಜ್ಜಿಯ ಕೈಯಲ್ಲಿ ಕಿವಿ ಹಿಂಡಿಸಿಕೊಂಡ. ನಾನು ಗಂಟಲು ಸರಿಪಡಿಸಿಕೊಂಡು, ಇದು ನನ್ನದೇ ಆಲೋಚನೆ ಎಂಬಂತೆ ಘೋಷಿಸಿದೆ. ಕರಗುಸಾಕ್ಷಿಗೆ ಈ ಸಲ ಮಕ್ಕಳ ಬದಲು ಅಜ್ಜಿ ನಿಂತಳು. ಜೋಕಾಲಿ ಉಳಿಯಿತು.

ಆದರೆ ಈಗ ಓಣಿಗೆ ಹುಚ್ಚು ಹಿಡಿದಿದೆ. ಮಕ್ಕಳು ಡಬ್ಬಿ ಅಲುಗಾಡಿಸುತ್ತಾರೆ, ಹಾಸಿಗೆ ಮೂಸುತ್ತಾರೆ, ನಮ್ಮ ಮುಖ ಓದುತ್ತಾರೆ. ದೊಡ್ಡವರ ಪಾಡು ಇನ್ನೂ ಕಷ್ಟ. ಗುಟ್ಟು ಇಟ್ಟುಕೊಂಡ ಅನುಭವ ನಮ್ಮಲ್ಲಿ ಯಾರಿಗೂ ಇಲ್ಲ. ಹೆಂಡತಿ ಪಾರಿಜಾತ ನನ್ನನ್ನು ಮಗಳ ಹತ್ತಿರ ಒಂಟಿಯಾಗಿ ಬಿಡುತ್ತಿಲ್ಲ. "ನಿಮ್ಮ ಬಾಯಿಗೆ ಬಾಗಿಲs ಇಲ್ಲ" ಎನ್ನುತ್ತಾಳೆ. ನಿಜವೇ. ಎದೆ ಒಡೆದುಹೋಗುವಂತಿದೆ, ಯಾರಿಗಾದರೂ ಹೇಳಲೇಬೇಕು! ಚಂದ್ರನಲ್ಲಿ ಯಾರಿಗೆ ಹೇಳಿದರೂ ಸುದ್ದಿ ಸುತ್ತಿ ಬರುತ್ತದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಬುಗುರಿ! ನನ್ನ ಚಹಾದ ಲೋಟ ಕರಗಿಸಿ ಮಾಡಿಸಿದ ಹಿತ್ತಾಳೆ ಬುಗುರಿ, ಪಾರಿಜಾತಳ ಹಳೆಯ ಸೀರೆಯಲ್ಲಿ ಏಳು ಸುತ್ತು ಸುತ್ತಿ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ. ಇಬ್ಬನಿ ಬುಗುರಿಯನ್ನು ಕಂಡೇ ಇಲ್ಲ!

ಅಬ್ಬಾ, ಹಗುರಾಯಿತು. ಇನ್ನು ಒಂದೇ ಪ್ರಾರ್ಥನೆ. ದಯವಿಟ್ಟು ಇದನ್ನು ನಿಮ್ಮ ಮಕ್ಕಳಿಗೆ ಹೇಳಬೇಡಿ. ಅವರು ತಮ್ಮ ಮಕ್ಕಳಿಗೆ ಹೇಳುತ್ತಾರೆ, ಆ ಮಕ್ಕಳು ತಮ್ಮ ಮಕ್ಕಳಿಗೆ. ಹಾಗೇ ತಲೆಮಾರು ಇಳಿಯುತ್ತ ಇಳಿಯುತ್ತ ನಾಳೆ ಬೆಳಗಾಗುವುದರೊಳಗೆ ಇಬ್ಬನಿಯ ಕಿವಿಗೆ ಬಿದ್ದಿರುತ್ತದೆ.

ಇತಿ, ಮೋಡವಿಲ್ಲದ ಊರಿನ
ಮೇಘರಾಜ