ಮೂಲೆಯ ಬೋಗುಣಿಗಳು

ಕೋಳಿ ಶೆಡ್ಡಿನ ಪಕ್ಕದ ಕೋಣೆಯಿಂದ,
ಶುಕ್ರವಾರ ಬೆಳಿಗ್ಗೆ

ಅತ್ತೆಯವರಿಗೆ,

ಮೊದಲು ‘ಪ್ರೀತಿಯ’ ಎಂದು ಬರೆಯಬೇಕಂತೆ, ನಿಮ್ಮ ಮಗ ಹೇಳಿದರು. ಬರೆದು ನೋಡಿದೆ, ಕೈ ಒಪ್ಪಲಿಲ್ಲ, ಹೊಡೆದುಹಾಕಿದೆ. ನಿಮ್ಮ ಮೊಣಕಾಲು ಹೇಗಿದೆ? ನನ್ನ ಮೇಲಿನ ಸಿಟ್ಟಿಗೆ ಬಸ್‌ಸ್ಟ್ಯಾಂಡಿನವರೆಗೆ ನಡೆದೇ ಹೋದಿರಂತೆ, ಅಂದ ಮೇಲೆ ಗುಣವಾಗಿರಬೇಕು. ಇಲ್ಲಿದ್ದಾಗ ಅದೇ ಕಾಲು ಅಡುಗೆಮನೆಯಿಂದ ಹಿತ್ತಲಿಗೆ ಬರುವಷ್ಟರಲ್ಲಿ ಎರಡು ಸಲ ಕೂರುತ್ತಿತ್ತು. ಎಣ್ಣೆ ಹಚ್ಚುವುದನ್ನು ಬಿಡಬೇಡಿ. ನಿಮ್ಮ ಮಗಳಿಗೆ ಹಚ್ಚಲು ಹೇಳಿ, ಅವಳ ಕೈಗೂ ಸ್ವಲ್ಪ ಕೆಲಸವಾಗಲಿ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀರಿ. ಕಾಗದಕ್ಕೆ ಆ ಕಷ್ಟವಿಲ್ಲ. ಫೀಡ್ ಲಾರಿಯ ಡ್ರೈವರ್ ಇದನ್ನು ನಿಮ್ಮ ಕೈಗೇ ಕೊಟ್ಟು, ನೀವು ಓದಿ ಮುಗಿಸುವ ತನಕ ಬಾಗಿಲಲ್ಲಿ ನಿಂತಿರುತ್ತಾನೆ. ಹಾಗೆಂದು ಹೇಳಿಯೇ ಕಳಿಸಿದ್ದೇನೆ.

ನೀವು ಹೋದಿರೆಂದು ಕೋಳಿಗಳ ರೋಗ ನಿಮ್ಮ ಹಿಂದೆ ಬಸ್ ಹತ್ತಲಿಲ್ಲ. ಮುಖ ಊದಿಕೊಂಡು, ಮೂಗು ಸೋರಿಸಿಕೊಂಡು, ಗಂಟಲಲ್ಲಿ ಗೊರಗೊರ ಎನ್ನುತ್ತ ಕೂರುತ್ತವೆ, ಆಮೇಲೆ ಏಳುವುದಿಲ್ಲ. ದಿನಾ ಬೆಳಿಗ್ಗೆ ನಿಮ್ಮ ಮಗ ಸತ್ತವನ್ನು ಬುಟ್ಟಿಯಲ್ಲಿ ಹೊತ್ತು ಹಿಂದಿನ ಗುಂಡಿಗೆ ಹಾಕಿ ಸುಣ್ಣ ಸುರಿದು ಬರುತ್ತಾರೆ. ಬಂದವರು ಕಾಫಿಯನ್ನೂ ಕೇಳುವುದಿಲ್ಲ. ನಿಮ್ಮ ಪರ ಮಾತಾಡಿದರೆ ನಾನಿದ್ದೇನೆ, ನನ್ನ ಪರ ಮಾತಾಡಿದರೆ ನೀವಿದ್ದೀರಿ. ಅತ್ತ ದರಿ, ಇತ್ತ ಪುಲಿ. ಆ ಮನುಷ್ಯ ಬಾಯಿಯನ್ನೇ ಹೊಲಿದುಕೊಂಡಿದ್ದಾರೆ. ಈ ಶೆಡ್ಡು ಖಾಲಿಯಾದರೆ ನಮ್ಮ ಮನೆಯ ಒಲೆ ಉರಿಯುವುದಕ್ಕೆ ಬೇರೆ ದಾರಿಯಿಲ್ಲವೆಂಬುದು ನಿಮಗೂ ಗೊತ್ತು.

ಕೋಳಿ ಡಾಕ್ಟರು ಮೊದಲ ದಿನವೇ ನಿಮ್ಮೆದುರಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಬೆಳಿಗ್ಗೆ ಸ್ವಲ್ಪ ಹೊತ್ತು ನೀರು ನಿಲ್ಲಿಸಬೇಕು, ಕೋಳಿಗಳಿಗೆ ಬಾಯಾರಬೇಕು, ಆಮೇಲೆ ಔಷಧಿ ಕಲಸಿದ ನೀರನ್ನೇ ಬಿಡಬೇಕು. ಔಷಧಿ ಕಹಿ, ಬೇರೆ ನೀರು ಸಿಕ್ಕರೆ ಇದರ ಕಡೆ ತಲೆಯೂ ಹಾಕುವುದಿಲ್ಲ. ಅರ್ಧಂಬರ್ಧ ಕುಡಿದರೆ ರೋಗಾಣು ಸಾಯುವುದಿಲ್ಲ, ಪೆಟ್ಟು ತಿಂದ ಹಾವಿನಂತೆ ಇನ್ನಷ್ಟು ಜೋರಾಗುತ್ತದೆ. ನೀವೂ ತಲೆಯಾಡಿಸಿದಿರಿ. ಅವರು ಬೈಕ್ ಹತ್ತಿದ ಮೇಲೆ ನನಗೆ ಹೇಳಿದ್ದು ಮಾತ್ರ, “ಮೂಕಪ್ರಾಣಿಗೆ ನೀರು ಬಿಡಲ್ಲ ಅಂತೀಯಲ್ಲೇ, ನಿನಗೆ ಕರುಳು ಅನ್ನೋದು ಇದೆಯಾ?” ಎಂದು.

ಇಲ್ಲ, ಒಪ್ಪಿದೆ. ಆದ್ದರಿಂದ ನಿಮ್ಮ ಕರುಳು ಕೆಲಸಕ್ಕಿಳಿಯಿತು. ಔಷಧಿ ಮುಗಿದರೂ ಸಾವು ನಿಲ್ಲದಿದ್ದಾಗ ನಾನು ಔಷಧಿ ಅಂಗಡಿಗೆ ಹೋಗಿ, ‘ನಕಲಿ ಮಾಲು ಕೊಟ್ಟಿದ್ದೀಯ’ ಎಂದು ಅಂಗಡಿಯವನ ಮುಂದೆ ಖಾಲಿ ಡಬ್ಬಿ ಎಸೆದು ಬಂದೆ. ಡಾಕ್ಟರಿಗೆ ‘ನೀವು ಓದಿದ್ದೆಲ್ಲಿ’ ಎಂದು ಕೇಳಿದೆ. ಕೊನೆಗೆ ಫೀಡ್ ಮೂಟೆಗಳ ಹಿಂದೆ ಪೊರಕೆ ಹುಡುಕುವಾಗ ಕಾಲಿಗೊಂದು ಬೋಗುಣಿ ತಗಲಿ ಸೀರೆಯೆಲ್ಲ ಒದ್ದೆಯಾಯಿತು. ಒಳ್ಳೆಯ ತಿಳಿನೀರು. ಹುಡುಕಿದರೆ ನಾಲ್ಕೂ ಮೂಲೆಯಲ್ಲಿ ಒಂದೊಂದು. ನಾನು ಹಿಟ್ಟು ಕಲಸುವ ಬೋಗುಣಿಯೂ ಅಲ್ಲೇ ಇತ್ತು, ಅದೆಲ್ಲಿ ಎಂದು ಕೇಳಿದಾಗ “ನಿನ್ನ ಪಾತ್ರೆಗೆ ನಾನೇನು ಕಾವಲು ಕೂತಿದ್ದೀನಾ?” ಎಂದಿದ್ದಿರಿ. ಹಾಗೆ ಕದ್ದು ಇಟ್ಟವರಿಗೆ ಬಾಯಿ ಬೇರೆ ಅಷ್ಟು ಜೋರು.

ಹೌದು, ಡಾಕ್ಟರ ಎದುರಿಗೇ ಕೂಗಿದೆ. ಕೊಂದವರು ನೀವೇ ಎಂದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನೀರಿಗೆ ವಿಷ ಹಾಕಿದವರಾದರೆ ಹಿಡಿದು ಪೊಲೀಸರಿಗೆ ಕೊಡಬಹುದು, ಕನಿಕರ ಹಾಕಿದವರನ್ನು ಏನು ಮಾಡುವುದು? ಸೊಸೆ ಎರಡು ಹನಿ ನೀರಿಗಾಗಿ ಮನೆಯಿಂದ ಅಟ್ಟಿದಳೆಂದು ಮಗಳ ಮನೆಯ ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದೀರಂತೆ. ಹೇಳಿ. ಆ ಎರಡು ಹನಿಗೆ ಎಷ್ಟು ಬುಟ್ಟಿ ಗುಂಡಿಗೆ ಹೋಯಿತೆಂಬುದನ್ನೂ ಸೇರಿಸಿ ಹೇಳಿ.

ಈಗ ಡಾಕ್ಟರು ಬೇರೆ ಔಷಧಿ ಕೊಟ್ಟಿದ್ದಾರೆ. ಮೊದಲಿನದು ಇನ್ನು ನಾಟುವುದಿಲ್ಲವಂತೆ. ಇದೂ ಸೋತರೆ ಕೊಡಲು ತಮ್ಮ ಬಳಿ ಏನೂ ಇಲ್ಲವೆಂದರು. ಅವರು ಹೂಂ ಎನ್ನುವ ತನಕ ಮೊಟ್ಟೆಯನ್ನು ಮಾರುವಂತಿಲ್ಲ, ತಿನ್ನುವಂತಿಲ್ಲ, ಅದೂ ಗುಂಡಿಗೇ. ನಿಮ್ಮ ಮಗಳಿಗೆ ಮೊಟ್ಟೆ ಕಳಿಸಲಿಲ್ಲವೆಂದು ಅದಕ್ಕೂ ನನ್ನನ್ನು ಆಡಿಕೊಳ್ಳಬೇಡಿ.

ಅಳಿಯಂದಿರಿಗೆ ನಮಸ್ಕಾರ ತಿಳಿಸಿ. ನಾದಿನಿಯನ್ನು ಕೇಳಿದೆನೆಂದು ಹೇಳಿ. ನಿಮಗೂ ನಮಸ್ಕಾರ, ದೊಡ್ಡವರೆಂಬ ಕಾರಣಕ್ಕೆ. ಬೇರೆ ಕಾರಣ ಹುಡುಕಲು ಹೋಗಬೇಡಿ.

ಇಂತಿ,
ಕರುಳಿಲ್ಲದ ನಿಮ್ಮ ಸೊಸೆ

ತಾ.ಕ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಗಟ್ಟಿಮುಟ್ಟಾದ ಕೋಳಿಗಳು ಹೊಸ ಔಷಧಿಯ ನೀರು ಕುಡಿಯುತ್ತಿವೆ. ಕಾಯಿಲೆ ಬಿದ್ದವು ನೀರಿನ ಪೈಪಿನ ಹತ್ತಿರ ಸುಳಿಯುತ್ತಿಲ್ಲ. ನೀವು ಬೋಗುಣಿ ಇಡುತ್ತಿದ್ದ ಮೂಲೆಗಳಲ್ಲೇ ಹೋಗಿ ಕೂತಿವೆ. ಔಷಧಿ ನೀರನ್ನು ಅದೇ ಬೋಗುಣಿಗಳಲ್ಲಿ ಇಟ್ಟೆ. ನೀವು ಬಿಟ್ಟುಹೋದ ಶಾಲು ಹೊದ್ದು, ನಿಮ್ಮ ಹಾಗೇ ನಾಲಿಗೆ ಲೊಚಗುಟ್ಟಿ ಕರೆದೆ. ನಿಮ್ಮ ಮುದ್ದಿನ ಕುಂಟಿ ಕೋಳಿ ನನ್ನನ್ನೊಮ್ಮೆ ನೋಡಿ ಬೆನ್ನು ತಿರುಗಿಸಿತು, ಥೇಟ್ ನಿಮ್ಮಂತೆ. ಕುಡಿಯದಿದ್ದರೆ ಅವು ಉಳಿಯುವುದಿಲ್ಲ. ಇದೇ ಲಾರಿ ಸಂಜೆ ಹಿಂದಿರುಗುತ್ತದೆ, ಮುಂದಿನ ಸೀಟು ನಿಮಗೆಂದು ಹೇಳಿಟ್ಟಿದ್ದೇನೆ. ಬನ್ನಿ. ನನ್ನ ಜೊತೆ ಮಾತಾಡಬೇಕಾಗಿಲ್ಲ, ಅವುಗಳ ಜೊತೆ ಮಾತಾಡಿದರೆ ಸಾಕು.